ಮೂರು ಸಲ ಅಳೆಯುತ್ತಿದ್ದವಳು

ಸುದ್ದಿ ಬಂದಾಗ ನಾನು ಮಧುಗಿರಿಯ ನಮ್ಮ ಫೋಟೋ ಲ್ಯಾಬಿನಲ್ಲಿ ಯಾರದೋ ನಾಮಕರಣದ ಆಲ್ಬಮ್ ಜೋಡಿಸುತ್ತಿದ್ದೆ. ಫೋನ್ ಮಾಡಿದವನು ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಕ್ಕನ ತಮ್ಮ. "ಮೇಡಂ, ಅಕ್ಕ ಹೋಗ್ಬುಟ್ಲು" ಎಂದ. ಬಿಪಿ ಇತ್ತಂತೆ, ಮಾತ್ರೆ ಬಿಟ್ಟಿದ್ದಳಂತೆ, ಬೆಳಗ್ಗೆ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದವಳು ಅಲ್ಲೇ ಕುಸಿದಳಂತೆ. ನಾನು "ಅಯ್ಯೋ" ಎಂದೆ. ಅನ್ನಬೇಕಲ್ಲ ಎಂದು ಅಂದದ್ದು ಅಷ್ಟೆ. ಫೋನಿಟ್ಟು, ತೊಟ್ಟಿಲಿನ ಫೋಟೋವನ್ನು ಸ್ವಲ್ಪ ಎಡಕ್ಕೆ ಸರಿಸಿ, ಮುಂದಿನ ಪುಟಕ್ಕೆ ಹೋದೆ. ಮಧ್ಯಾಹ್ನ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದೆ. ಉಪ್ಪು ಕಮ್ಮಿಯಾಗಿತ್ತು ಎನ್ನುವುದೂ ಗೊತ್ತಾಯಿತು.

ಮಾರನೆಯ ದಿನ ತಮ್ಮ ಮತ್ತೆ ಫೋನ್ ಮಾಡಿದ. ತಿಥಿಗೆ ಫೋಟೋ ಬೇಕು, ದೊಡ್ಡದು, ಫ್ರೇಮ್ ಹಾಕಿದ್ದು. ನೀವೇ ಮಾಡಿಕೊಡಬೇಕು ಎಂದ. ಆಮೇಲೆ ದನಿ ಇಳಿಸಿ, "ಸ್ವಲ್ಪ ಬೆಳ್ಳಗೆ ಮಾಡ್ಬುಡಿ ಮೇಡಂ. ನೆಂಟ್ರೆಲ್ಲ ಬತ್ತಾರೆ" ಎಂದ. ಅವನು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಯಾರದೋ ಗೃಹಪ್ರವೇಶದಲ್ಲಿ ಮೊಬೈಲಿನಲ್ಲಿ ತೆಗೆದದ್ದು. ಮುಖ ಚೆಂದ ಮಾಡುವ ಫಿಲ್ಟರ್ ಆ ಫೋನಿನಲ್ಲಿ ತಾನಾಗಿಯೇ ಹತ್ತಿಕೊಳ್ಳುತ್ತದೇನೋ, ಅಕ್ಕನ ಮುಖ ಮೈದಾ ಹಿಟ್ಟು ಮೆತ್ತಿದ ಹಾಗಿತ್ತು. ಹಣೆಯ ಮೇಲಿನ ಗೆರೆ ಇಲ್ಲ. ಮೂಗಿನ ಪಕ್ಕದ ಮಚ್ಚೆಯೂ ಹೋಗಿತ್ತು. ಇಷ್ಟು ವರ್ಷ ಫೋಟೋ ಲ್ಯಾಬಿನಲ್ಲಿ ದುಡಿದವಳದ್ದು ನಮ್ಮ ಹತ್ತಿರ ಒಂದೇ ಒಂದು ಫೋಟೋ ಇರಲಿಲ್ಲ. ಕ್ಯಾಮೆರಾ ಎತ್ತಿದರೆ ಎದ್ದು ಒಳಗೆ ಹೋಗುವುದು ಅವಳ ಅಭ್ಯಾಸ.

ಹಾಗಾಗಿ ನನ್ನ ಕೆಲಸ ಇಷ್ಟು: ಅಕ್ಕನ ನಿಜವಾದ ಬಣ್ಣ ಯಾವುದು ಎಂದು ಕಂಡುಹಿಡಿದು, ತಿಥಿಯ ಹೊತ್ತಿಗೆ ಗೋಡೆಗೆ ಹಾಕುವುದು. ಅಳು ಬರದವಳಿಗೆ ಮಾಡಲು ಒಂದು ಕೆಲಸವಾದರೂ ಸಿಕ್ಕಿತು ಎಂದುಕೊಂಡೆ.

ಅವಳನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಸೇರಿದ ಹೊಸದರಲ್ಲಿ 'ನೀವು' ಎಂದಿದ್ದಕ್ಕೆ, "ಅಕ್ಕ ಅಂದ್ಮ್ಯಾಲೆ ನೀವು ಗೀವು ಏನು ಪಿಲ್ಲಾ, ಒಂದ್ರಲ್ಲಿ ಇರು" ಎಂದಿದ್ದಳು. ಪಾವಗಡದ ಕಡೆಯವಳು. ವಳ್ಳೂರಿನ ಪಕ್ಕದ ಊರು. ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಇಳಿಯುತ್ತಿತ್ತು; ಪಿಲ್ಲಾ ಎಂದರೆ ಹುಡುಗಿ. ನನ್ನದು ಕೊಡಿಗೇನಹಳ್ಳಿ. ಹಿಂದೂಪುರದ ಬಸ್ಸು ಓಡಾಡುವ ಊರಿನವಳಾದ್ದರಿಂದ ನನಗೆ ಅವಳ ತೆಲುಗು ಕಷ್ಟವಾಗಲಿಲ್ಲ, ಬೈಗುಳಗಳು ಮಾತ್ರ ಹೊಸವಾಗಿದ್ದವು.

ಲ್ಯಾಬಿನಲ್ಲಿ ನಾನು ಆಲ್ಬಮ್ ಡಿಸೈನ್ ಮಾಡುವವಳು. ಅಕ್ಕನದು ಬಣ್ಣದ ಕೆಲಸ. ಅದನ್ನು ಹೊರಗಿನವರಿಗೆ ಹೇಳುವುದು ಸ್ವಲ್ಪ ಕಷ್ಟ. ಯಾವ ಪ್ರಿಂಟರೂ ಕೇಳಿದ ಬಣ್ಣವನ್ನು ಕೇಳಿದ ಹಾಗೇ ಕೊಡುವುದಿಲ್ಲ. ಒಂದು ಕೆಂಪು ಜಾಸ್ತಿ ಮಾಡುತ್ತದೆ, ಇನ್ನೊಂದು ನೀಲಿ ಕದಿಯುತ್ತದೆ. ಪೇಪರು ಬದಲಾದರೆ ಮತ್ತೆ ಬೇರೆ. ಅದಕ್ಕೆ ನೂರಾರು ಸಣ್ಣ ಸಣ್ಣ ಬಣ್ಣದ ಚೌಕಗಳಿರುವ ಒಂದು ಹಾಳೆಯನ್ನು ಅದರಲ್ಲಿ ಮುದ್ರಿಸಬೇಕು. ಚಾರ್ಟು ಅಂತೀವಿ. ಆ ಚೌಕಗಳ ಮೇಲೆ ಮೀಟರು ಎಂಬ ಅಂಗೈಯಷ್ಟಗಲದ ಕರಿ ಯಂತ್ರವನ್ನು ಎಳೆದರೆ ಅದು ಪ್ರತಿ ಬಣ್ಣವನ್ನೂ ಅಳೆದು ಕಂಪ್ಯೂಟರಿಗೆ ಹೇಳುತ್ತದೆ. ಅಂಗಡಿಯವನ ಪಾವು ಸಣ್ಣದು ಎಂದು ಗೊತ್ತಿದ್ದರೆ ನಾವು ಒಂದು ಹಿಡಿ ಹೆಚ್ಚಿಗೆ ಕೇಳುತ್ತೇವಲ್ಲ, ಹಾಗೆ ಪ್ರಿಂಟರಿನ ಗುಣ ತಿಳಿದ ಕಂಪ್ಯೂಟರು ಅಷ್ಟು ಹೆಚ್ಚು ಕಮ್ಮಿ ಮಾಡಿ ಕೇಳುತ್ತದೆ. ಆ ತಿಳಿವಳಿಕೆಯ ಫೈಲಿಗೆ ಪ್ರೊಫೈಲ್ ಎಂದು ಹೆಸರು. ಅಳತೆ ತಪ್ಪಿದರೆ ಪ್ರೊಫೈಲ್ ತಪ್ಪು. ಪ್ರೊಫೈಲ್ ತಪ್ಪಿದರೆ ಆ ಸೀಸನ್ನಿನ ಮದುಮಕ್ಕಳೆಲ್ಲ ಕಾಮಾಲೆಯವರು.

ಬೇರೆ ಲ್ಯಾಬಿನವರು ಚಾರ್ಟು ಹೊರಬಂದ ತಕ್ಷಣ ಅಳೆದು ಕೈ ತೊಳೆದುಕೊಳ್ಳುತ್ತಾರೆ. ಅಕ್ಕ ಆ ಹಾಳೆಯನ್ನು ಒಂದು ಇಡೀ ದಿನ ಒಣಗಲು ಬಿಡುತ್ತಿದ್ದಳು. "ಹಸೀ ಬಣ್ಣ ನಂಬ್ಬಾರ್ದು. ಹೊಸ ನೆಂಟ್ರ ಥರ, ಬಂದ್ ದಿನ ಒಂಥರಾ ಇರ್ತದೆ, ಮಾರ್ನೇ ದಿನ ಇನ್ನೊಂಥರಾ" ಎನ್ನುತ್ತಿದ್ದಳು. ಅಳೆಯುವಾಗ ಚಾರ್ಟಿನ ಕೆಳಗೆ ಅದೇ ಪೇಪರಿನ ಖಾಲಿ ಹಾಳೆಗಳನ್ನು ದಪ್ಪಗೆ ಹಾಸಬೇಕು, ಟೇಬಲ್ಲಿನ ಬಣ್ಣ ಕೆಳಗಿನಿಂದ ಇಣುಕಬಾರದು. ಫ್ಯಾನ್ ಆರಿಸಬೇಕು, ಹಾಳೆಯ ಅಂಚು ಏಳಬಾರದು. ಶಿರಾ ಮಧುಗಿರಿ ಕಡೆಯ ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿ ಕೂರುವುದೆಂದರೆ ಏನೆಂದು ಕೂತವರಿಗೇ ಗೊತ್ತು. ನಾವೆಲ್ಲ ಹೊರಗೆ ಬಂದು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದೆವು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆವರು ಹಾಳೆಗೆ ಬೀಳದಂತೆ ಹಣೆಗೆ ಒಂದು ಕರ್ಚೀಫು ಕಟ್ಟಿ, ಸ್ಕೇಲಿನ ಪಕ್ಕದಲ್ಲಿ ಮೀಟರನ್ನು ಒಂದೇ ವೇಗದಲ್ಲಿ ಎಳೆಯುತ್ತಿದ್ದಳು. ಬೇಗ ಎಳೆದರೆ ಚೌಕ ತಪ್ಪುತ್ತದೆ, ನಿಧಾನವಾದರೆ ಮೀಟರು ಗೊಣಗುತ್ತದೆ. ಅವಳ ಕೈ ಬಾಗಿಲಿಗೆ ರಂಗೋಲಿ ಗೆರೆ ಎಳೆಯುವ ಕೈ, ಎಲ್ಲೂ ನಿಲ್ಲುತ್ತಿರಲಿಲ್ಲ.

ಒಂದು ಸಲ ಅಳೆದು ಮುಗಿಸುತ್ತಿರಲಿಲ್ಲ. ಎರಡನೆಯ ಸಲ, ಆಮೇಲೆ ಹಾಳೆಯನ್ನು ತಲೆಕೆಳಗು ತಿರುಗಿಸಿ ಮೂರನೆಯ ಸಲ. ಮೂರೂ ಹೊಂದಿದರೆ ಮಾತ್ರ ಮುಂದಕ್ಕೆ. ಒಂದು ಬೇರೆ ಬಂದರೆ ಮೂರನ್ನೂ ಅಳಿಸಿ ಮೊದಲಿಂದ. ನಮ್ಮ ಓನರು ಒಳ್ಳೆಯ ಮನುಷ್ಯ, ಆದರೆ ಆತುರದವನು. "ಮೂರ್ದೂ ಸೇರ್ಸಿ ಸರಾಸರಿ ತೆಗ್ದು ಹಾಕಮ್ಮ, ಕಂಪ್ಯೂಟರೇ ಮಾಡ್ತದಲ್ಲ" ಎನ್ನುತ್ತಿದ್ದ. ಅಕ್ಕ ತಲೆಯೆತ್ತದೆ, "ಸಾರ್, ನಿಮ್ ಮನೇಲಿ ಒಬ್ರು ನಾಕ್ ಮುದ್ದೆ ಉಣ್ತಾರೆ, ಒಬ್ರು ಉಪಾಸ. ಇಬ್ರೂ ಎರಡೆರಡು ಉಂಡ್ರು ಅಂತ ಬರ್ಕೊಂಡ್ರೆ ಉಪಾಸ ಇದ್ದೋರ ಹೊಟ್ಟೆ ತುಂಬ್ತದಾ?" ಎಂದಳು. ಓನರು ನಕ್ಕು ಟೀ ತರಿಸಿದ. ಅವಳು ಟೀ ಕುಡಿಯಲಿಲ್ಲ. ಚಾರ್ಟಿನ ಟೇಬಲ್ಲಿನ ಮೇಲೆ ಲೋಟ ಇಟ್ಟ ಎಂದು ಬೈದಳು.

ಅವಳು ಸಾಧು ಸ್ವಭಾವದವಳೇನಲ್ಲ. ಹೋದವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ, ಆದರೆ ಅಕ್ಕನ ಬಗ್ಗೆ ಹಾಗೆ ಹೇಳಿದರೆ ಅದು ಇನ್ಯಾರದೋ ಚಿತ್ರವಾಗುತ್ತದೆ. ಬಾಯಿ ಜೋರು. ತನ್ನ ಮೀಟರನ್ನು ಯಾರಾದರೂ ಮುಟ್ಟಿದರೆ ಒಂದು ವಾರ ಮಾತು ಬಿಡುತ್ತಿದ್ದಳು. ಹಬ್ಬಕ್ಕೆ ಕೊಟ್ಟ ಸೀರೆ ಚೆನ್ನಾಗಿಲ್ಲ ಎಂದು ಓನರಿನ ಹೆಂಡತಿಯ ಮುಂದೆಯೇ ಹೇಳಿದವಳು. ನನ್ನ ಡಿಸೈನುಗಳನ್ನು ನೋಡಿ, "ಮದುವೆ ಫೋಟೋನಾ, ಸರ್ಕಸ್ ಪೋಸ್ಟರಾ?" ಎಂದು ಕೇಳುತ್ತಿದ್ದಳು. ಆದರೆ ನನಗೆ ಟೈಫಾಯ್ಡ್ ಆಗಿದ್ದಾಗ ಮಧುಗಿರಿಯ ಅವಳ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಮಲಗಿಸಿಕೊಂಡು ರಾಗಿ ಗಂಜಿ ಕುಡಿಸಿದವಳೂ ಅವಳೇ. ಗಂಜಿಗೆ ಉಪ್ಪು ಹಾಕಿ ಮೂರು ಸಲ ರುಚಿ ನೋಡುತ್ತಿದ್ದಳು. ನಾನು ನಕ್ಕರೆ, "ನಗ್ಬೇಡ, ಕುಡಿ" ಎನ್ನುತ್ತಿದ್ದಳು.

ಕಸ್ಟಮರುಗಳ ಜೊತೆ ಅವಳ ಜಗಳ ಯಾವಾಗಲೂ ಒಂದೇ ವಿಷಯಕ್ಕೆ. ಹುಡುಗಿಯನ್ನು ಬೆಳ್ಳಗೆ ಮಾಡಿಕೊಡಿ ಎಂದು ಕೇಳುತ್ತಾರೆ, ಎಲ್ಲರೂ ಕೇಳುತ್ತಾರೆ. ಎಲ್ಲ ಕಡೆ ಮಾಡಿಯೂ ಕೊಡುತ್ತಾರೆ. ನಾನೂ ಮಾಡುತ್ತಿದ್ದೆ. ಅಕ್ಕನ ಕಣ್ಣಿಗೆ ಬಿದ್ದರೆ ಮಾತ್ರ ಮುಗಿಯಿತು. "ಹುಡ್ಗೀನ ಮನೇಗ್ ಕರ್ಕೊಂಡ್ ಹೋಗೋದು ನೀವು. ದಿನಾ ಮುಖ ನೋಡೋದೂ ನೀವು. ಫೋಟೋ ಹೆಂಗಿದ್ರೇನು?" ಎಂದು ಗಂಡಿನ ಕಡೆಯವರನ್ನೇ ಕೇಳುತ್ತಿದ್ದಳು. ಓನರು ಅವಳನ್ನು ಕೌಂಟರಿನ ಹತ್ತಿರ ಬರಬೇಡ ಎಂದು ಹೇಳಿಬಿಟ್ಟಿದ್ದ.

ಒಂದು ದಿನ ನಾನೇ ಕೇಳಿದೆ, ಇಷ್ಟೊಂದು ಸಿಟ್ಟು ಯಾಕೆ ಅಕ್ಕ ಎಂದು. ಅವಳು ಬಟಾಣಿ ಸುಲಿಯುತ್ತಿದ್ದಳು. ಸುಲಿಯುತ್ತಲೇ ಹೇಳಿದಳು. "ನಂದೂ ಫೋಟೋ ತೆಗ್ಸಿ ಗಂಡಿನ ಮನೆಗೆ ಕಳಿಸಿದ್ರು. ಸ್ಟುಡಿಯೋದೋನು ಬೆಳ್ಳಗೆ ಮಾಡಿ ಕೊಟ್ಟಿದ್ದ. ಫೋಟೋ ನೋಡಿ ಒಪ್ಕೊಂಡು, ಹಣ್ಣು ಹೂವು ತಗಂಡು ಟೆಂಪೋ ಮಾಡ್ಕೊಂಡು ಬಂದ್ರು. ನಾನು ಕಾಫಿ ತಟ್ಟೆ ಹಿಡ್ಕಂಡು ಹೊರಗೆ ಬಂದೆ. ಹುಡುಗನ ತಾಯಿ ಒಳಗಡೆ ಬಾಗ್ಲ ಕಡೆ ನೋಡ್ತಾವ್ಳೆ. 'ಹುಡುಗೀನ ಕರೀರಮ್ಮ' ಅಂದ್ಲು. ನಾನು ಮುಂದೇನೇ ನಿಂತಿದೀನಿ." ಅಷ್ಟು ಹೇಳಿ ಸಿಪ್ಪೆಗಳನ್ನು ಪೇಪರಿನಲ್ಲಿ ಸುತ್ತಿದಳು. ಆಮೇಲೆ ಅವಳು ಯಾರ ಮುಂದೆಯೂ ಕಾಫಿ ತಟ್ಟೆ ಹಿಡಿದು ನಿಲ್ಲಲಿಲ್ಲ. ಮದುವೆಯಾಗಲಿಲ್ಲ. ಆ ಮಾತನ್ನು ಇನ್ನೊಂದು ಸಲ ಎತ್ತಲೂ ಇಲ್ಲ, ನಾನೂ ಕೇಳಲಿಲ್ಲ.

ಅವಳ ತಪ್ಪಿನ ಕಥೆಯನ್ನೂ ಹೇಳಬೇಕು. ಅವಳು ಇದ್ದಿದ್ದರೆ, "ಅದನ್ನ ಮೊದ್ಲು ಹೇಳು" ಎನ್ನುತ್ತಿದ್ದಳು.

ಮೀಟರಿಗೆ ಒಂದು ಬಿಳಿ ಬಿಲ್ಲೆ ಇರುತ್ತದೆ. ನಯವಾದ ಪಿಂಗಾಣಿಯದು. ಪ್ರತಿ ಸಲ ಅಳೆಯುವ ಮುಂಚೆ ಮೀಟರನ್ನು ಅದರ ಮೇಲೆ ಕೂರಿಸಿ, ಬಿಳಿ ಎಂದರೆ ಇದು ಎಂದು ಅದಕ್ಕೆ ನೆನಪು ಮಾಡಿಕೊಡಬೇಕು. ಒಂದು ವರ್ಷ ಆಯುಧಪೂಜೆಗೆ ಲ್ಯಾಬನ್ನೆಲ್ಲ ತೊಳೆದು, ಪ್ರಿಂಟರು, ಕಂಪ್ಯೂಟರು, ಕಟಿಂಗ್ ಮಿಷನ್ನು, ಓನರಿನ ಸ್ಕೂಟರು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟೆವು. ಅಕ್ಕ ತನ್ನ ಮೀಟರಿನ ಪೂಜೆಯನ್ನು ಯಾರಿಗೂ ಬಿಡಲಿಲ್ಲ. ತಾನೇ ಸ್ನಾನ ಮಾಡಿ ಬಂದು, ಅನ್ನ ಕೊಡೋ ಯಂತ್ರ ಎಂದು ಕಣ್ಣಿಗೊತ್ತಿಕೊಂಡು, ಉಂಗುರದ ಬೆರಳಲ್ಲಿ ಬೊಟ್ಟಿಟ್ಟಳು. ಯಂತ್ರ ಕರ್ರಗಿತ್ತು, ಅರಿಶಿನ ಎದ್ದು ಕಾಣಲಿಲ್ಲ. ಬಿಳಿ ಬಿಲ್ಲೆಯನ್ನು ಬಿಚ್ಚಿ ಅದಕ್ಕೂ ಒಂದು ಬೊಟ್ಟಿಟ್ಟಳು. ಎಷ್ಟು ಲಕ್ಷಣವಾಗಿ ಕಾಣ್ತದೆ ನೋಡು ಎಂದು ನನ್ನನ್ನು ಕರೆದು ತೋರಿಸಿದಳು. ಮಾರನೆಯ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಕಣ್ಣಿಗೆ ಬೆಳ್ಳಗೇ ಕಂಡಿತು.

ಆಮೇಲೆ ಕಾರ್ತಿಕದ ಮದುವೆಗಳು. ಹೊಸ ಪೇಪರು ಬಂದಿತ್ತು, ಅಕ್ಕ ಹೊಸ ಪ್ರೊಫೈಲ್ ಮಾಡಿದಳು. ಮೂರು ಸಲ ಅಳೆದಳು, ಮೂರೂ ಒಂದೇ. ಇಷ್ಟು ಚೆನ್ನಾಗಿ ಎಂದೂ ಹೊಂದಿರಲಿಲ್ಲ ಎಂದು ಅವತ್ತು ಎಲ್ಲರಿಗೂ ಅವಳೇ ಬೋಂಡ ತರಿಸಿದಳು. ಪ್ರಿಂಟುಗಳು ಬಂದವು. ಜನ ನೋಡಿ ಬಾಯಿ ಬಿಟ್ಟರು. "ಬಂಗಾರ್ದಂಗೆ ಬಂದೈತಲ್ಲಪ್ಪ!" ಕೊರಟಗೆರೆಯಿಂದ, ಶಿರಾದಿಂದ ಹುಡುಕಿಕೊಂಡು ಬಂದರು. ಆ ಸೀಸನ್ನಿನಲ್ಲಿ ನಮ್ಮ ನಾಲ್ಕು ತಾಲ್ಲೂಕಿನ ಮದುವಣಗಿತ್ತಿಯರೆಲ್ಲ ಮಹಾಲಕ್ಷ್ಮಿಯರೇ.

ಅಕ್ಕ ಹಳೆಯ ಒಂದು ಚಾರ್ಟನ್ನು ಕಪ್ಪು ಕವರಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಳು. ಆಗಾಗ ಅದನ್ನು ತೆಗೆದು ಅಳೆದು, ಮೀಟರು ಹಳೆಯ ಮಾತನ್ನೇ ಹೇಳುತ್ತಿದೆಯೇ ಎಂದು ನೋಡುವುದು ಅವಳ ರೂಢಿ. ಮದುವೆಗಳ ಗಡಿಬಿಡಿಯಲ್ಲಿ ಅದು ಬಿಟ್ಟುಹೋಗಿತ್ತು. ಸೀಸನ್ ಮುಗಿಯುವ ಹೊತ್ತಿಗೆ ತೆಗೆದು ಅಳೆದಳು. ಅಂಕಿಗಳು ಬೇರೆ ಬಂದವು. ಹಾಳೆ ಕತ್ತಲಲ್ಲೇ ಇದ್ದದ್ದು, ಅದು ಬದಲಾಗಿರುವುದಿಲ್ಲ. ಮತ್ತೆ ಅಳೆದಳು. ಈ ಸಲವೂ ಹಳೆಯದಕ್ಕಿಂತ ಬೇರೆಯೇ, ಆದರೆ ಈಗಷ್ಟೇ ಬಂದದ್ದರ ಜೊತೆ ಕರಾರುವಾಕ್ಕಾಗಿ ಹೊಂದುವಂಥ ಬೇರೆ. ಎಲ್ಲ ಬಣ್ಣವೂ ಒಂದಿಷ್ಟು ನೀಲಿಯ ಕಡೆಗೆ ಜಾರಿತ್ತು. ಅವಳು ಬಿಳಿ ಬಿಲ್ಲೆಯನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ ಓರೆಯಾಗಿ ಹಿಡಿದು ನೋಡಿದಳು.

"ಅರ್ಶ್ನ" ಎಂದಳು.

ಬಿಳಿ ಎಂದರೆ ಇದೇ ಎಂದು ಅರಿಶಿನ ತಾಗಿದ ಬಿಲ್ಲೆಯನ್ನು ತೋರಿಸಿದ್ದಕ್ಕೆ, ಮೀಟರಿಗೆ ಲೋಕವೆಲ್ಲ ನೀಲಿಯಾಗಿ ಕಂಡಿತ್ತು. ಅದನ್ನು ಸರಿಮಾಡಲು ಕಂಪ್ಯೂಟರು ಎಲ್ಲರ ಮುಖಕ್ಕೂ ಹಳದಿ ಬಳಿದಿತ್ತು. ತೂಕದ ಕಲ್ಲಿಗೇ ಮಣ್ಣು ಮೆತ್ತಿದ್ದರೆ ಎಷ್ಟು ಸಲ ತೂಗಿದರೂ ಅದೇ ತೂಕ ಬರುತ್ತದೆ. ಅಕ್ಕ ಹಣೆ ಚಚ್ಚಿಕೊಂಡಳು. "ಮೂರೂ ಒಂದೇ ಬಂತು ಅಂತ ಮೆರೆದ್ನಲ್ಲೇ ಪಿಲ್ಲಾ! ಮೂರು ಸಲ ಒಂದೇ ಸುಳ್ಳು ಹೇಳಿದ್ರೆ ನಿಜ ಆಗ್ತದಾ?" ಬಿಲ್ಲೆಯನ್ನು ಸ್ಪಿರಿಟಿನಲ್ಲಿ ಒರೆಸಿ, ಅರಿಶಿನದ ಕಲೆ ಹೋಗಲು ಎಲ್ಲ ಹೆಂಗಸರೂ ಮಾಡುವುದನ್ನೇ ಮಾಡಿದಳು, ಮಹಡಿಯ ಮೇಲೆ ಬಿಸಿಲಿಗಿಟ್ಟು ಕಾಗೆ ಕಾಯುತ್ತಾ ಕೂತಳು. ಸಂಜೆಗೆ ಹಳೆಯ ಚಾರ್ಟು ಹಳೆಯ ಮಾತು ಹೇಳಿತು.

ಓನರಿಗೆ ತಾನೇ ಹೋಗಿ ಹೇಳಿದಳು. ಅವನು, "ಜನ ಖುಷಿಯಾಗವ್ರೆ, ಬುಡಮ್ಮ. ಇನ್ನೊಂದಿಷ್ಟು ಅರ್ಶ್ನ ಹಚ್ಚು" ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ. ಮದುವೆಯ ಆಲ್ಬಮ್ಮುಗಳನ್ನೆಲ್ಲ ಅವಳು ಬಿಟ್ಟಳು, ಆದರೆ ಆ ದಿನಗಳಲ್ಲಿ ತೀರಿಕೊಂಡವರ ಒಂದು ಫೋಟೋ ಹೋಗಿತ್ತು, ತೋವಿನಕೆರೆಗೆ. ಅದನ್ನು ಬಿಡಲಾಗಲಿಲ್ಲ. ಸರಿಯಾದ ಪ್ರೊಫೈಲಿನಲ್ಲಿ ಮತ್ತೆ ಪ್ರಿಂಟ್ ಹಾಕಿ, ಭಾನುವಾರ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದಳು. ಆ ಮನೆಯ ಹೆಂಗಸು ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಅಕ್ಕ ಎಲ್ಲವನ್ನೂ ಬಿಡಿಸಿ ಹೇಳಿ, ಗೋಡೆಯ ಮೇಲಿದ್ದ ಬಂಗಾರದ ಬಣ್ಣದ ಗಂಡನ ಪಕ್ಕದಲ್ಲಿ ಈ ಕಂದು ಬಣ್ಣದ ಗಂಡನನ್ನು ಹಿಡಿದಳು. ಆ ಹೆಂಗಸು ಎರಡನ್ನೂ ನೋಡಿದಳು. "ಇದು ಅವ್ರೇ. ದಿನಾ ಇಂಗೇ ಇದ್ರು" ಎಂದು ಅಕ್ಕನ ಕೈಯಲ್ಲಿದ್ದುದನ್ನು ತೋರಿಸಿದಳು. "ಆದ್ರೆ ಅದೇ ಇರ್ಲಿ ಬುಡಿ ಕಣಮ್ಮ. ಬದುಕಿದ್ದಾಗಂತೂ ಒಂದಿನಾನೂ ಮುಖದಾಗೆ ಕಳೆ ಇರ್ಲಿಲ್ಲ. ಈಗಾದ್ರೂ ನಗ್ತಾ ಇದ್ದಂಗವ್ರೆ."

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಕ್ಕ ಕೊರಟಗೆರೆ ದಾಟುವವರೆಗೂ ಆ ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, "ಆವಮ್ಮಂಗೆ ಗಂಡ ಬೇಕಾಗಿಲ್ಲ, ಫೋಟೋ ಬೇಕು. ಸರ್ಲೇ, ಅವಳಿಷ್ಟ" ಎಂದಳು. ತೊಡೆಯ ಮೇಲೆ ಆ ಕಂದು ಬಣ್ಣದ ಮನುಷ್ಯ ನಮ್ಮನ್ನು ನೋಡುತ್ತಿದ್ದ. ನಮಗಿಬ್ಬರಿಗೂ ಒಟ್ಟಿಗೇ ನಗು ಬಂತು. ಕಂಡಕ್ಟರು ತಿರುಗಿ ನೋಡುವಷ್ಟು ನಕ್ಕೆವು.

ಕೊನೆಕೊನೆಗೆ ಅವಳ ಕೆಲಸ ತಾನಾಗಿ ಕಮ್ಮಿಯಾಯಿತು. ಹೊಸ ಪ್ರಿಂಟರು ಬಂತು, ಅದರ ಜೊತೆಗೇ ರೆಡಿಮೇಡ್ ಪ್ರೊಫೈಲುಗಳು ಬಂದವು. ಯಾರೂ ಅವಳನ್ನು ಹೋಗು ಎನ್ನಲಿಲ್ಲ. ಒಂದು ದಿನ ಬಿಳಿ ಬಿಲ್ಲೆಯನ್ನು ಒರೆಸಿ, ಮೀಟರನ್ನು ರೇಷ್ಮೆ ರವಿಕೆಯ ಬಟ್ಟೆಯಲ್ಲಿ ಸುತ್ತಿ ನನ್ನ ಟೇಬಲ್ಲಿನ ಮೇಲಿಟ್ಟು, "ನೋಡ್ಕಾ" ಎಂದಳು. ಊರಿಗೆ ಹೋದಮೇಲೆ ಒಂದೆರಡು ಸಲ ಫೋನ್ ಮಾಡಿದಳು. ಮೀಟರು ಹೇಗಿದೆ ಎಂದು ಕೇಳಿ ಇಟ್ಟಳು. ನಾನು ಹೇಗಿದ್ದೇನೆ ಎಂದು ಕೇಳಿದ ನೆನಪಿಲ್ಲ.

ತಮ್ಮ ಕಳಿಸಿದ ಫೋಟೋವನ್ನು ನಾನು ಎರಡು ದಿನ ಇಟ್ಟುಕೊಂಡು ಕೂತೆ. ಮಚ್ಚೆ ಇಟ್ಟೆ, ಹಣೆಯ ಗೆರೆ ಎಳೆದೆ. ಬಣ್ಣ ಮಾತ್ರ ಬರಲಿಲ್ಲ. ಬೆಳಗ್ಗೆ ಸರಿ ಎನಿಸಿದ್ದು ಸಂಜೆಗೆ ತಪ್ಪು ಎನಿಸುತ್ತಿತ್ತು. ಪಕ್ಕದಲ್ಲೇ ಅಷ್ಟು ವರ್ಷ ಕೂತವಳ ಬಣ್ಣ ನನಗೆ ನೆನಪಿಲ್ಲ ಎನ್ನುವುದು ಗೊತ್ತಾದಾಗಲೂ ದುಃಖ ಎಂದೇನೂ ಆಗಲಿಲ್ಲ. ಒಳಗೆಲ್ಲ ಮರಗಟ್ಟಿದ ಹಾಗಿತ್ತು, ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಇರುತ್ತದಲ್ಲ ಹಾಗೆ. ಹೇಗೂ ಬೆಳ್ಳಗೆ ಮಾಡಿ ಎಂದಿದ್ದಾರೆ, ಹಾಗೇ ಕಳಿಸಿಬಿಡಲೇ ಎಂದೂ ಅನಿಸಿತು. ಆದರೆ ಆ ಮೈದಾ ಮುಖದ ಹೆಂಗಸಿಗೆ ಹಾರ ಹಾಕಿ ಗೋಡೆಗೆ ನಿಲ್ಲಿಸಿದರೆ, ಕಾಫಿ ತಟ್ಟೆ ಹಿಡಿದು ನಿಂತ ದಿನದ ಹಾಗೆ ಅಕ್ಕನನ್ನು ಮತ್ತೊಂದು ಸಲ ಅವಳ ಮನೆಯಲ್ಲೇ ಇಲ್ಲವಾಗಿಸಿದಂತೆ. ಅಷ್ಟು ಮಾತ್ರ ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಗೊತ್ತಿತ್ತು.

ಅವಳಿಗೆ ಒಬ್ಬ ತಂಗಿ. 'ನಾವಿಬ್ರೂ ಒಂದೇ ಬಾಣ್ಲೀಲಿ ಬೆಂದೋರು' ಎಂದು ಅಕ್ಕ ಹೇಳುತ್ತಿದ್ದುದು ನೆನಪಾಯಿತು. ತಿಳಿ ಕಂದಿನಿಂದ ಕಡು ಕಂದಿನವರೆಗೆ ಸಣ್ಣ ಸಣ್ಣ ಚೌಕಗಳ ಒಂದು ಚಾರ್ಟು ಮಾಡಿ, ಒಂದು ದಿನ ಒಣಗಲು ಬಿಟ್ಟು, ಮೀಟರು ಲ್ಯಾಪ್‌ಟಾಪ್ ಹಿಡಿದುಕೊಂಡು ಪಾವಗಡದ ಬಸ್ಸು ಹತ್ತಿದೆ. ಪಾವಗಡದಿಂದ ಆಟೋ. ರಸ್ತೆಯ ಎರಡೂ ಕಡೆ ಸೋಲಾರ್ ಪ್ಲೇಟುಗಳು, ಮುಗಿಯುವುದೇ ಇಲ್ಲ.

ತಂಗಿಗೆ ಆ ಪ್ಲೇಟುಗಳ ಕೆಳಗೆ ಹುಲ್ಲು ಕೀಳುವ ಕೆಲಸ. ಬಂದದ್ದು ಯಾಕೆಂದು ಹೇಳಿದೆ. ಅವಳು ತಕ್ಷಣ ಕೈ ಚಾಚಿದಳು. ಆಮೇಲೆ ತಾನೇ ಹಿಂದೆಗೆದು, "ಇದು ಬಿಸ್ಲಿಗೆ ಸುಟ್ಟೈತೆ ಕಣಮ್ಮ. ಅಕ್ಕ ನೆಳ್ಳಲ್ಲಿ ಕೆಲ್ಸ ಮಾಡ್ದೋಳು. ಇಲ್ಲಿ ನೋಡು" ಎಂದು ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ತೋರಿಸಿದಳು. ನಾನು ಬಿಳಿ ಬಿಲ್ಲೆಯ ಮೇಲೆ ಮೀಟರು ಕೂರಿಸಿ ತೆಗೆದು, ಅವಳ ತೋಳಿನ ಮೇಲೆ ಒತ್ತಿದೆ. ಅಂಕಿ ಬಂತು. ಎರಡನೆಯ ಸಲ ಒತ್ತಿದೆ, ಬೇರೆ ಬಂತು. ಮೂರನೆಯದು ಇನ್ನೂ ಬೇರೆ. ಅಳಿಸಿ ಮೊದಲಿಂದ ಶುರು ಮಾಡಿದೆ. ಮತ್ತೆ ಬೇರೆ ಬೇರೆ. ಎಷ್ಟು ಸಲ ಮಾಡಿದೆನೋ, ತಂಗಿ ಮೆಲ್ಲಗೆ, "ಇನ್ನೂ ಮುಗಿಲಿಲ್ವಾ ಅಮ್ಮ?" ಎಂದಳು. ಅವಳ ತೋಳು ನೋಡಿದೆ. ಮೀಟರು ಒತ್ತಿದ ಕಡೆಯೆಲ್ಲ ಕೆಂಪಗೆ ಬಳೆಯಂಥ ಗುರುತು. ನಾನು ಒತ್ತಿದ್ದಕ್ಕೇ ರಕ್ತ ಸರಿದು, ಮತ್ತೆ ತುಂಬಿ, ಬಣ್ಣ ಬದಲಾಗುತ್ತಿತ್ತು. ಇದು ಪೇಪರಲ್ಲ ಎನ್ನುವುದು ನನ್ನ ತಲೆಗೆ ಹೋಗಿರಲೇ ಇಲ್ಲ.

ಮೀಟರನ್ನು ಬಟ್ಟೆಯಲ್ಲಿ ಸುತ್ತಿಟ್ಟೆ. ಕಂದು ಬಣ್ಣದ ಚಾರ್ಟು ತೆಗೆದು, "ನೀವೇ ಹೇಳಿ" ಎಂದು ಅವಳ ಮುಂದೆ ಇಟ್ಟೆ. ತಮ್ಮನೂ ಬಂದು ಬಗ್ಗಿದ. "ಇದು ಇರ್ಲಿ ಮೇಡಂ" ಎಂದು ಮೇಲಿನ ಸಾಲಿನ ತಿಳಿ ಬಣ್ಣಗಳಲ್ಲಿ ಒಂದನ್ನು ತೋರಿಸಿದ. ತಂಗಿ ಅವನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಹಾಳೆಯನ್ನು ಬಾಗಿಲ ಬೆಳಕಿಗೆ ಒಯ್ದು, ಒಂದೊಂದೇ ಚೌಕದ ಮೇಲೆ ಬೆರಳಿಟ್ಟುಕೊಂಡು ಕೆಳಗೆ ಇಳಿದಳು. ಒಂದರ ಹತ್ತಿರ ನಿಂತಳು. ದಾಟಿ ಹೋದಳು, ವಾಪಸ್ಸು ಅಲ್ಲಿಗೇ ಬಂದಳು. ಕಣ್ಣು ಮುಚ್ಚಿದಳು, ತೆಗೆದಳು. ಬೆರಳು ಅಲ್ಲೇ ಇತ್ತು. "ಇದು" ಎಂದಳು. ಕೆಳಗಿನಿಂದ ಎರಡನೆಯ ಸಾಲು. ನಾನು ಬೆಳ್ಳಗೆ ಮಾಡದಿದ್ದರೂ ಅಷ್ಟು ಕೆಳಕ್ಕೆ ಹೋಗುತ್ತಿರಲಿಲ್ಲ.

ತಿಥಿಯ ದಿನ ಫೋಟೋ ಹಿಡಿದುಕೊಂಡು ನಾನೇ ಹೋದೆ. ಪಡಸಾಲೆಯಲ್ಲಿ ಚಾಪೆ ಹಾಸಿ ನೆಂಟರು ಕೂತಿದ್ದರು. ಹಿತ್ತಿಲಲ್ಲಿ ವಡೆ ಬೇಯುತ್ತಿತ್ತು. ಸುತ್ತಿದ್ದ ಪೇಪರನ್ನು ತಮ್ಮ ಹರಿದು ನೋಡಿದ. ನೋಡಿದವನ ಮುಖ ಸಣ್ಣದಾಯಿತು. ಎಲ್ಲರಿಗೂ ಕೇಳಿಸುವ ಹಾಗೆಯೇ, "ಏನ್ ಮೇಡಂ, ಹೇಳಿದ್ನಲ್ಲ, ಸ್ವಲ್ಪ ಬೆಳ್ಳಗೆ ಮಾಡ್ಬೌದಿತ್ತು" ಎಂದ. ಚಾಪೆಯ ಮೇಲಿನವರು ಕತ್ತೆತ್ತಿದರು.

ತಂಗಿ ಒಳಗಿನಿಂದ ಒದ್ದೆ ಕೈಯಲ್ಲೇ ಬಂದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನಿಂದ ಫೋಟೋ ತೆಗೆದುಕೊಂಡು, ಕುರ್ಚಿಯ ಮೇಲೆ ಗೋಡೆಗೆ ಒರಗಿಸಿ ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಇಷ್ಟೇ ಕಪ್ಪಿದ್ಲು ಕಣೋ ನಮ್ಮಕ್ಕ" ಎಂದಳು. "ಬೆಳ್ಳಗ್ ಮಾಡಿ ಯಾರನ್ನೋ ತಂದು ಕೂರ್ಸಿದ್ರೆ ನಾನ್ ಯಾರಿಗ್ ಕೈ ಮುಗೀಲಿ?"

ಹೇಳಿ, ಬಗ್ಗಿ, ಕೈ ಮುಗಿದಳು. ಆಗ ನನಗೆ ಅಳು ಬಂತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಜನರ ಮಧ್ಯದಲ್ಲೇ ನೆಲಕ್ಕೆ ಕೂತುಬಿಟ್ಟೆ. ಯಾರೋ ಪಕ್ಕಕ್ಕೆ ಸರಿದು ಚಾಪೆಯಲ್ಲಿ ಜಾಗ ಮಾಡಿಕೊಟ್ಟರು.